ಏಟು ಬಿದ್ದಿದ್ದಕ್ಕೇ ಡಾಕ್ಟರಾದಳೇ ಆನಂದಿಬಾಯಿ? ಒಂದು ಬದುಕು, ಹೆರಿಗೆ ಕೋಣೆಯ ಒಂದು ಸುಳ್ಳು

ಹೆರಿಗೆ ಕೋಣೆಯಲ್ಲಿ ನಾಲ್ಕು ಮಾತು ಬೈದರೆ, ತೊಡೆಗೆ ಒಂದೇಟು ಹಾಕಿದರೆ ಬಸುರಿ ಸರಿಯಾಗಿ ತಿಣುಕುತ್ತಾಳೆ, ಕೂಸು ಬೇಗ ಹೊರಗೆ ಬರುತ್ತದೆ. ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಮುಳವಾಡದ ಕಡೆ ಇದನ್ನು ಹೇಳುವವರು ಬರೀ ಆಸ್ಪತ್ರೆಯವರಲ್ಲ. ಏಟು ತಿಂದು ಹಡೆದು ಬಂದ ಹೆಂಗಸರೇ ಹೇಳುತ್ತಾರೆ.

ನನ್ನ ದೊಡ್ಡಪ್ಪನ ಮಗಳು ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ರಾತ್ರಿಯಿಡೀ ಬೇನೆ ತಿಂದಳು. ಚೀರಿದ್ದಕ್ಕೆ ಬೈಸಿಕೊಂಡಳು, ಕಾಲು ಮಡಚಿದ್ದಕ್ಕೆ ಏಟು ತಿಂದಳು. ಗಂಡನ ಜೊತೆ ಮಲಗುವಾಗ ಈ ನೋವು ನೆನಪಿರಲಿಲ್ಲವೇ ಎಂಬ ಮಾತು ಕೇಳಿದಳು. ಅವಳ ಅವ್ವ ಬಾಗಿಲ ಹೊರಗೆ ಕುಳಿತಿದ್ದಳು, ಒಳಗೆ ಬಿಡಲಿಲ್ಲ. ಬಾಣಂತನದಲ್ಲಿ ಇದನ್ನೆಲ್ಲ ಅಕ್ಕ ನಕ್ಕೊಂತ ಹೇಳಿದ್ದಳು. ಮೂರು ವರ್ಷದ ನಂತರ ಮತ್ತೆ ಹೇಳಿದಾಗ ನಗಲಿಲ್ಲ. ಕೇಳಿದವರೆಲ್ಲ ಕೊಟ್ಟ ಉತ್ತರ ಒಂದೇ: ಕೂಸು ಚೆನ್ನಾಗಿದೆಯಲ್ಲ, ಮತ್ತೇನು ಬೇಕು?

ಫಲ ಒಳ್ಳೆಯದಾದರೆ ಏಟೂ ಒಳ್ಳೆಯದೇ ಎಂಬ ಈ ಲೆಕ್ಕ ನನಗೆ ಒಬ್ಬ ಹೆಣ್ಣುಮಗಳ ಬದುಕನ್ನು ನೆನಪಿಸುತ್ತದೆ. ಆಕೆ ಹೆರಿಗೆಯಲ್ಲಿ ನೊಂದವಳು, ಹೆರಿಗೆಯನ್ನೇ ಓದಲು ಸಮುದ್ರ ದಾಟಿದವಳು, ಓದಲಿಲ್ಲವೆಂದು ಗಂಡನಿಂದ ಪೆಟ್ಟು ತಿಂದವಳು. ಹೆಸರು ಆನಂದಿಬಾಯಿ ಜೋಶಿ. ಭಾರತದ ಮೊದಲ ಮಹಿಳಾ ವೈದ್ಯರ ಪಟ್ಟಿಯಲ್ಲಿ ಶಾಲೆಯ ಪುಸ್ತಕಗಳು ಆಕೆಯ ಹೆಸರು ಹೇಳುತ್ತವೆ. ಆದರೆ ಆಕೆ ಯಾಕೆ ವೈದ್ಯಳಾಗಲು ಹೊರಟಳು ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಯಮುನಾ ಆನಂದಿಯಾದದ್ದು

ಆನಂದಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ತವರುಮನೆ ಮುಂಬಯಿ ಹತ್ತಿರದ ಕಲ್ಯಾಣ. ಆಗ ನಮ್ಮ ವಿಜಯಪುರ, ಬೆಳಗಾವಿ, ಧಾರವಾಡಗಳೂ ಅದೇ ಮುಂಬಯಿ ಪ್ರಾಂತ್ಯದಲ್ಲಿದ್ದವು ಎಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಕಾನೂನು, ಆಸ್ಪತ್ರೆ, ಶಾಲೆಯ ನಿಯಮಗಳೇ ಇಲ್ಲಿಗೂ.

ಹೆತ್ತವರು ಇಟ್ಟ ಹೆಸರು ಯಮುನಾ. ಒಂಬತ್ತನೇ ವಯಸ್ಸಿಗೆ ಗೋಪಾಳರಾವ್ ಜೋಶಿ ಎಂಬ ಅಂಚೆ ಇಲಾಖೆಯ ಗುಮಾಸ್ತನ ಜೊತೆ ಮದುವೆ. ಅವನಿಗೆ ಮೊದಲ ಹೆಂಡತಿ ತೀರಿಹೋಗಿದ್ದಳು, ವಯಸ್ಸಿನಲ್ಲಿ ಈಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು. ಮದುವೆಯಾದ ಮೇಲೆ ಹೆಸರು ಆನಂದಿ ಆಯಿತು.

ಗೋಪಾಳರಾವ್ ಆ ಕಾಲಕ್ಕೆ ವಿಚಿತ್ರ ಮನುಷ್ಯ. ಹೆಂಡತಿ ಓದಬೇಕು ಎಂಬುದು ಅವನ ಹಟ. ಓದುವ ಹೊತ್ತಿನಲ್ಲಿ ಆನಂದಿ ಅಜ್ಜಿಯ ಜೊತೆ ಅಡುಗೆಮನೆಯಲ್ಲಿ ಇದ್ದದ್ದನ್ನು ಕಂಡು ಹೊಡೆದ ಕತೆ ಪ್ರಸಿದ್ಧ. ಬೇರೆ ಗಂಡಂದಿರು ಅಡುಗೆ ಮಾಡಲಿಲ್ಲವೆಂದು ಹೊಡೆಯುತ್ತಿದ್ದ ಕಾಲದಲ್ಲಿ ಇವನು ಅಡುಗೆ ಮಾಡಿದ್ದಕ್ಕೆ ಹೊಡೆದ. ಇದನ್ನು ಹೇಳುವವರು ಹೆಚ್ಚಾಗಿ ನಗುತ್ತಲೇ ಹೇಳುತ್ತಾರೆ. ಹೊಡೆಸಿಕೊಂಡ ಹುಡುಗಿಗೆ ಆಗ ಎಷ್ಟು ವಯಸ್ಸು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹತ್ತು ದಿನ ಬದುಕಿದ ಕೂಸು

ಹದಿನಾಲ್ಕನೇ ವಯಸ್ಸಿಗೆ ಆನಂದಿ ಗಂಡು ಕೂಸು ಹಡೆದಳು. ಹತ್ತು ದಿನಕ್ಕೆ ಅದು ತೀರಿಕೊಂಡಿತು. ಸರಿಯಾದ ವೈದ್ಯಕೀಯ ನೆರವು ಸಿಗಲಿಲ್ಲ. ಮುಂದೆ ಆಕೆ ವೈದ್ಯ ವಿದ್ಯೆಯತ್ತ ತಿರುಗಲು ಈ ಸಾವೇ ಕಾರಣ ಎಂದು ಆಕೆಯ ಜೀವನ ಬರೆದವರೆಲ್ಲ ಹೇಳುತ್ತಾರೆ.

ಇಲ್ಲಿ ಸ್ವಲ್ಪ ನಿಂತು, ಹದಿನಾಲ್ಕರ ಹುಡುಗಿಯ ಹೆರಿಗೆ ಎಂದರೇನು ಎಂದು ನೋಡೋಣ. ಋತುಮತಿಯಾದ ಕೂಡಲೇ ಮೈ ಹೆರಿಗೆಗೆ ಸಿದ್ಧವಾಯಿತು ಎಂದು ನಮ್ಮಲ್ಲಿ ಇಂದಿಗೂ ಅಂದುಕೊಳ್ಳುವವರಿದ್ದಾರೆ. ಅದು ತಪ್ಪು. ಮುಟ್ಟು ಶುರುವಾದ ಮೇಲೂ ಸೊಂಟದ ಎಲುಬುಗಳು ಕೆಲವು ವರ್ಷ ಬೆಳೆಯುತ್ತಲೇ ಇರುತ್ತವೆ. ಎಲುಬಿನ ದಾರಿ ಇಕ್ಕಟ್ಟಾಗಿದ್ದರೆ ಕೂಸಿನ ತಲೆ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಬೇನೆ ದಿನಗಟ್ಟಲೆ ಎಳೆಯುತ್ತದೆ. ಇಪ್ಪತ್ತು ದಾಟಿದ ತಾಯಂದಿರಿಗೆ ಹೋಲಿಸಿದರೆ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ಬಸುರಿನ ನಂಜಿನ ಫಿಟ್ಸ್, ಹೆರಿಗೆ ನಂತರದ ಗರ್ಭಕೋಶದ ಸೋಂಕು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರ ಕೂಸುಗಳು ದಿನ ತುಂಬುವ ಮುಂಚೆ ಹುಟ್ಟುವುದು, ತೂಕ ಕಡಿಮೆ ಇರುವುದು ಕೂಡ ಹೆಚ್ಚು.

ಆ ಕಾಲದಲ್ಲಿ ಮೊದಲ ಎರಡು ವಾರದೊಳಗೆ ಕೂಸುಗಳನ್ನು ಒಯ್ಯುತ್ತಿದ್ದ ಇನ್ನೊಂದು ರೋಗ ಧನುರ್ವಾಯು. ಹೊಕ್ಕುಳಬಳ್ಳಿಯನ್ನು ಕುಡಗೋಲಿನಿಂದ ಕತ್ತರಿಸುವುದು, ಗಾಯಕ್ಕೆ ಬೂದಿ ಇಲ್ಲವೇ ಸಗಣಿ ಮೆತ್ತುವುದು ಇದಕ್ಕೆ ದಾರಿ. ಮಣ್ಣು, ಸಗಣಿಯಲ್ಲಿರುವ ಸೂಕ್ಷ್ಮಜೀವಿ ಗಾಯದೊಳಗೆ ಸೇರಿ ವಿಷ ಉಂಟುಮಾಡುತ್ತದೆ. ಹುಟ್ಟಿದಾಗ ಚೆನ್ನಾಗಿಯೇ ಹಾಲು ಕುಡಿಯುತ್ತಿದ್ದ ಕೂಸು ಒಂದು ವಾರದ ಹೊತ್ತಿಗೆ ದವಡೆ ಕಚ್ಚಿ, ಮೈ ಸೆಟೆದು ಸಾಯುತ್ತದೆ. ಜನ ಇದನ್ನು ಗಾಳಿ, ಗ್ರಹ, ದೃಷ್ಟಿ ಎಂದುಕೊಂಡರು. ಬಸುರಿಗೆ ಕೊಡುತ್ತಿದ್ದ ಟಿಟಿ ಚುಚ್ಚುಮದ್ದು, ಶುದ್ಧವಾದ ಬ್ಲೇಡು ಇವುಗಳಿಂದ ಈ ರೋಗ ಎಷ್ಟು ಕಡಿಮೆಯಾಯಿತೆಂದರೆ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು.

ಬಾಣಂತಿ ಸನ್ನಿಯ ಕತೆಯೂ ಇದೇ. ಹೆತ್ತ ಮೂರು ನಾಲ್ಕನೇ ದಿನ ಜ್ವರ ಏರಿ ಬಾಣಂತಿ ಬಡಬಡಿಸತೊಡಗಿದರೆ, ಕಿವಿಗೆ ಗಾಳಿ ಹೊಕ್ಕಿತು, ತಂಪು ತಿಂದಳು ಎಂದು ಅವಳನ್ನೇ ದೂರುತ್ತಿದ್ದರು. ಇಂಥ ಜ್ವರಕ್ಕೆ ಮುಖ್ಯ ಕಾರಣ ಹೆರಿಗೆ ಮಾಡಿಸಿದವರ ಕೈಯಿಂದ ಒಳಗೆ ಹೋದ ಸೋಂಕು. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇದನ್ನು 1847ರಲ್ಲೇ ತೋರಿಸಿದ್ದ. ಆ ವರ್ಷದ ಏಪ್ರಿಲ್‌ನಲ್ಲಿ ಅವನ ವಿಭಾಗದಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದರು. ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯತೊಡಗಿದ ಮೇಲೆ ಜೂನ್‌ನಲ್ಲಿ ಆ ಸಂಖ್ಯೆ ಸುಮಾರು 2ಕ್ಕೆ ಇಳಿಯಿತು. ಬಹಳ ವೈದ್ಯರು ಅವನನ್ನು ನಂಬಲಿಲ್ಲ. ತಮ್ಮ ಕೈಯೇ ಕೊಲ್ಲುತ್ತಿದೆ ಎಂದು ಒಪ್ಪುವುದು ಸುಲಭವಲ್ಲ. ತಾಯಿಯನ್ನೇ ದೂರುವುದು ಸುಲಭ.

ಕೊಲ್ಹಾಪುರದಿಂದ ಹೋದ ಕಾಗದ

ಅಂಚೆ ನೌಕರಿಯಲ್ಲಿ ವರ್ಗವಾದಂತೆಲ್ಲ ದಂಪತಿ ಊರೂರು ತಿರುಗಿದರು: ಅಲೀಬಾಗ, ಕೊಲ್ಹಾಪುರ, ಮುಂದೆ ಕಲಕತ್ತಾ, ಸೇರಾಂಪುರ. ಕೊಲ್ಹಾಪುರದಲ್ಲಿ ಅಮೆರಿಕದ ಮಿಷನರಿಗಳ ಪರಿಚಯವಾಯಿತು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಲು ನೆರವು ಬೇಕೆಂದು ಗೋಪಾಳರಾವ್, ಅಲ್ಲಿ ಹಿಂದೆ ಕೆಲಸ ಮಾಡಿದ್ದ ರಾಯಲ್ ವೈಲ್ಡರ್ ಎಂಬ ಪಾದ್ರಿಗೆ ಬರೆದ. ಕ್ರೈಸ್ತರಾದರೆ ನೋಡೋಣ ಎಂಬ ಧಾಟಿಯ ಉತ್ತರ ಬಂತು. ದಂಪತಿ ಒಪ್ಪಲಿಲ್ಲ.

ಆದರೆ ವೈಲ್ಡರ್ ಆ ಪತ್ರವ್ಯವಹಾರವನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಬಳಿ ಕಾಯುತ್ತಾ ಕುಳಿತಿದ್ದಾಗ ಅದು ಅವಳ ಕಣ್ಣಿಗೆ ಬಿತ್ತು. ಆಕೆ ನೇರವಾಗಿ ಆನಂದಿಗೆ ಕಾಗದ ಬರೆದಳು. ಎಂದೂ ಕಾಣದ ಇಬ್ಬರು ಹೆಂಗಸರ ನಡುವೆ ಕಾಗದಗಳು ಓಡಾಡಿದವು. ಆನಂದಿ ಆಕೆಯನ್ನು ಮಾವಶಿ ಎಂದು ಕರೆಯತೊಡಗಿದಳು. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಈ ಹೊತ್ತಿಗಾಗಲೇ ಆನಂದಿಗೆ ತಲೆನೋವು, ಜ್ವರ, ಉಸಿರಾಟದ ತೊಂದರೆ ಶುರುವಾಗಿದ್ದವು. ಮಾವಶಿ ಅಮೆರಿಕದಿಂದ ಔಷಧಿ ಕಳಿಸುತ್ತಿದ್ದಳು.

ಸೇರಾಂಪುರದ ಭಾಷಣ

ಹೆಂಗಸು ಒಬ್ಬಳೇ ಸಮುದ್ರ ದಾಟುವುದೆಂದರೆ ಜಾತಿ ಕೆಟ್ಟಂತೆ ಎನ್ನುತ್ತಿದ್ದ ಕಾಲ. ಬೀದಿಯಲ್ಲಿ ಪುಸ್ತಕ ಹಿಡಿದು ನಡೆದರೆ ಜನ ನಿಂತು ನೋಡಿ ನಗುತ್ತಿದ್ದರು. ಟೀಕೆ ಜೋರಾದಾಗ, 1883ರಲ್ಲಿ, ಹದಿನೆಂಟು ತುಂಬದ ಆನಂದಿ ಸೇರಾಂಪುರ ಕಾಲೇಜಿನ ಸಭಾಂಗಣದಲ್ಲಿ ನಿಂತು ತಾನು ಯಾಕೆ ಹೋಗುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

ಆಕೆಯ ವಾದ ಸರಳ. ಈ ದೇಶದ ಹೆಂಗಸರು ಗಂಡು ವೈದ್ಯರ ಮುಂದೆ ಮೈ ತೋರಿಸಲು ಒಪ್ಪದೆ ಸಾಯುತ್ತಿದ್ದಾರೆ, ಆದ್ದರಿಂದ ಹೆಣ್ಣು ವೈದ್ಯರು ಬೇಕು. ಹೆಂಗಸರಿಗೆ ವೈದ್ಯ ವಿದ್ಯೆ ಕಲಿಸುವ ಕಾಲೇಜು ದೇಶದಲ್ಲಿ ಮದ್ರಾಸಿನಲ್ಲಿ ಮಾತ್ರ ಇದೆ. ಉಳಿದೆಡೆ ಸೂಲಗಿತ್ತಿಯರ ತರಗತಿಗಳಿವೆ, ಆದರೆ ಅಲ್ಲಿ ಕಲಿಸುವ ಗಂಡಸರಿಗೆ ಹೆಂಗಸರು ಪೂರ್ತಿ ಕಲಿಯುವುದು ಬೇಕಿಲ್ಲ. ಹಿಂದೂವಾಗಿ ಹೋಗುತ್ತೇನೆ, ಹಿಂದೂವಾಗಿ ಮರಳಿ ಬರುತ್ತೇನೆ ಎಂದೂ ಹೇಳಿದಳು. ಭಾಷಣ ಪತ್ರಿಕೆಗಳಲ್ಲಿ ಹರಡಿ, ದೇಶದ ಹಲವು ಕಡೆಯಿಂದ ಸಹಾಯಧನ ಬಂತು.

ಇದೇ ಬೇಡಿಕೆಯನ್ನು ಅದರ ಹಿಂದಿನ ವರ್ಷವೇ ಸರ್ಕಾರದ ಮುಂದಿಟ್ಟಿದ್ದ ಇನ್ನೊಬ್ಬಳು ನಮ್ಮ ನೆಲದವಳು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳುತ್ತಾ, ಹೆಣ್ಣು ವೈದ್ಯರಿಲ್ಲದೆ ಹೆಂಗಸರು ಸಾಯುತ್ತಿದ್ದಾರೆ, ವೈದ್ಯ ಕಾಲೇಜುಗಳಿಗೆ ಅವರನ್ನು ಸೇರಿಸಿಕೊಳ್ಳಿ ಎಂದು ರಮಾಬಾಯಿ ಕೇಳಿದ್ದಳು. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿ, ಹೆಂಗಸರ ಆಸ್ಪತ್ರೆಗಳು ಊರೂರಲ್ಲಿ ತಲೆಯೆತ್ತಿದವು.

ಫಿಲಡೆಲ್ಫಿಯಾದ ಮೂರು ವರ್ಷ

1883ರ ಏಪ್ರಿಲ್ 7ರಂದು ಆನಂದಿ ಕಲಕತ್ತಾದಿಂದ ಹಡಗು ಹತ್ತಿದಳು, ಗಂಡನಿಲ್ಲದೆ. ಜೂನ್‌ನಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಮಾವಶಿ ಕಾದಿದ್ದಳು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಬರೆದ ಅರ್ಜಿಯಲ್ಲಿ ಆನಂದಿ, ಗಂಡು ವೈದ್ಯನ ಕೈಯಿಂದ ಪಡೆಯುವುದಕ್ಕಿಂತ ಸಾವೇ ಮೇಲೆಂದು ನಮ್ಮ ಹೆಂಗಸರು ದೂರವಿಡುವ ಚಿಕಿತ್ಸೆಯನ್ನು ಅವರಿಗೆ ಕೊಡಬೇಕೆಂಬುದೇ ತನ್ನ ಉದ್ದೇಶ ಎಂದು ತಿಳಿಸಿದಳು. ಡೀನ್ ರೇಚಲ್ ಬಾಡ್ಲಿ ಆಕೆಯನ್ನು ಸೇರಿಸಿಕೊಂಡರು. 1850ರಲ್ಲಿ ಶುರುವಾದ ಈ ಕಾಲೇಜು ಹೆಂಗಸರಿಗೆ ವೈದ್ಯ ಪದವಿ ಕೊಡಲೆಂದೇ ಕಟ್ಟಿದ್ದು. ಜಪಾನಿನ ಕೇಯ್ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಜೊತೆ ಆನಂದಿ ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ ನಿಂತ 1885ರ ಫೋಟೋವನ್ನು ನೀವು ನೋಡಿರಬಹುದು.

ಫಿಲಡೆಲ್ಫಿಯಾದ ಚಳಿ, ಅಭ್ಯಾಸವಿಲ್ಲದ ಊಟ ಆಕೆಯನ್ನು ಹಣ್ಣು ಮಾಡಿದವು. ಕ್ಷಯ ಒಳಗೇ ಬೆಳೆಯುತ್ತಿತ್ತು. ಆದರೂ 1886ರ ಮಾರ್ಚ್ 11ರಂದು ಎಂಡಿ ಪದವಿ ಪಡೆದಳು. ಆಕೆಯ ಪ್ರಬಂಧದ ವಿಷಯ ಆರ್ಯ ಹಿಂದೂಗಳಲ್ಲಿ ಪ್ರಸೂತಿ ವಿದ್ಯೆ. ನಮ್ಮ ಹಳೆಯ ಗ್ರಂಥಗಳು ಬಸುರಿ, ಬಾಣಂತಿ, ಕೂಸಿನ ಆರೈಕೆಯ ಬಗ್ಗೆ ಏನು ಹೇಳುತ್ತವೆ ಎಂಬುದನ್ನು ಅಮೆರಿಕದ ಪರೀಕ್ಷಕರ ಮುಂದಿಟ್ಟಳು. ಪದವಿ ಸಮಾರಂಭಕ್ಕೆ ಸಮುದ್ರ ದಾಟಿ ಬಂದಿದ್ದವಳು ಅದೇ ಪಂಡಿತಾ ರಮಾಬಾಯಿ.

ಅಮೆರಿಕದಿಂದ ಆನಂದಿ ಗಂಡನಿಗೆ ಬರೆದ ಕಾಗದಗಳಲ್ಲಿ ಒಂದು ನನಗೆ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಆಕೆ ಲೆಕ್ಕ ಹಾಕುತ್ತಾಳೆ. ಹತ್ತನೇ ವಯಸ್ಸಿನಲ್ಲಿ ಕಟ್ಟಿಗೆ ಚೂರಿನಿಂದ ಹೊಡೆದದ್ದು, ಹನ್ನೆರಡರಲ್ಲಿ ಕುರ್ಚಿ, ಪುಸ್ತಕ ಎಸೆದದ್ದು, ಬಿಟ್ಟುಹೋಗುತ್ತೇನೆಂದು ಹೆದರಿಸಿದ್ದು, ಹದಿನಾಲ್ಕರಲ್ಲಿ ಹೊಸ ಹೊಸ ಶಿಕ್ಷೆ ಕೊಟ್ಟದ್ದು, ಎಲ್ಲವನ್ನೂ ವಯಸ್ಸಿನ ಸಮೇತ ಎಣಿಸುತ್ತಾಳೆ. ನೀವು ನಡೆದುಕೊಂಡದ್ದು ಸರಿಯೋ ತಪ್ಪೋ ಎಂದರೆ, ಗುರಿಯನ್ನು ನೋಡಿದರೆ ಸರಿ ಎನಿಸಬಹುದು, ಆದರೆ ಒಂದು ಮಗುವಿನ ಮನಸ್ಸಿನ ಮೇಲೆ ಏನಾಗುತ್ತದೆ ಎಂದು ನೋಡಿದರೆ ತಪ್ಪೆಂದು ಒಪ್ಪಲೇಬೇಕು ಎನ್ನುತ್ತಾಳೆ. ಆ ವಯಸ್ಸಿಗೆ, ಆ ಮೈಗೆ, ಆ ಮನಸ್ಸಿಗೆ ಅದು ತೀರ ಹೆಚ್ಚಾಯಿತು ಎನ್ನುತ್ತಾಳೆ. ಗಂಡನನ್ನು ದ್ವೇಷಿಸಿ ಬರೆದ ಕಾಗದ ಅದಲ್ಲ. ಫಲ ಸಿಕ್ಕ ಮೇಲೂ ಏಟನ್ನು ಏಟೆಂದೇ ಕರೆದ ಕಾಗದ.

ಕೊಲ್ಹಾಪುರದ ಖಾಲಿ ಕುರ್ಚಿ

ಪದವಿ ಬಂದ ವರ್ಷವೇ ಕೊಲ್ಹಾಪುರ ಸಂಸ್ಥಾನ ಆಕೆಯನ್ನು ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗದ ವೈದ್ಯೆಯನ್ನಾಗಿ ನೇಮಿಸಿತು. ಇಂದು ಆ ಆಸ್ಪತ್ರೆಯನ್ನು ಸಿಪಿಆರ್ ಎಂದು ಕರೆಯುತ್ತಾರೆ. ಆಗಿನ ಕೊಲ್ಹಾಪುರ ಸಂಸ್ಥಾನದಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೂ ಸೇರಿತ್ತು. ಅಂದರೆ ಆನಂದಿಬಾಯಿ ಆ ಕುರ್ಚಿಯಲ್ಲಿ ಕುಳಿತಿದ್ದರೆ, ಕನ್ನಡ ಮಾತಾಡುವ ಬಸುರಿಯರೂ ಆಕೆಯ ಬಾಗಿಲಿಗೆ ಬರುತ್ತಿದ್ದರು.

ಕೂರಲಿಲ್ಲ. 1886ರ ನವೆಂಬರ್‌ನಲ್ಲಿ ಮುಂಬಯಿಗೆ ಬಂದಿಳಿಯುವಷ್ಟರಲ್ಲಿ ಮೈ ಸೋತಿತ್ತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಲು ಒಂದು ತಿಂಗಳಿತ್ತು. ಚಿತಾಭಸ್ಮವನ್ನು ಗಂಡ ಅಮೆರಿಕದ ಮಾವಶಿಗೆ ಕಳಿಸಿದ. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ, ಕಾರ್ಪೆಂಟರ್ ಕುಟುಂಬದ ಸಮಾಧಿಗಳ ನಡುವೆ ಅದು ಇಂದಿಗೂ ಇದೆ.

ಆಕೆಯ ಬಗ್ಗೆ ಹರಿದಾಡುವ ಮಾತುಗಳು

*ಆಕೆ ಭಾರತದಲ್ಲಿ ರೋಗಿಗಳನ್ನು ನೋಡಿದ ಮೊದಲ ವೈದ್ಯೆ.* ಅಲ್ಲ. ಪಾಶ್ಚಾತ್ಯ ವೈದ್ಯ ವಿದ್ಯೆಯಲ್ಲಿ ಪದವಿ ಪಡೆದ ಮೊದಲ ಭಾರತೀಯ ಹೆಂಗಸರಲ್ಲಿ ಆಕೆ ಒಬ್ಬಳು. ಅದೇ 1886ರಲ್ಲಿ ಕಲಕತ್ತಾದ ಕಾದಂಬಿನಿ ಗಂಗೂಲಿ ಇಲ್ಲೇ ಓದಿ ವೈದ್ಯೆಯಾಗಿ, ದಶಕಗಳ ಕಾಲ ಚಿಕಿತ್ಸೆ ಕೊಟ್ಟಳು. ಲಂಡನ್‌ನಲ್ಲಿ ಓದಿ ಬಂದ ರಖಮಾಬಾಯಿ ಸೂರತ್, ರಾಜಕೋಟಗಳಲ್ಲಿ ಬಹುಕಾಲ ಹೆಂಗಸರ ಆಸ್ಪತ್ರೆ ನಡೆಸಿದಳು. ಆನಂದಿಬಾಯಿಗೆ ಆ ಅವಕಾಶವೇ ಸಿಗಲಿಲ್ಲ.

*ಸಮುದ್ರ ದಾಟಿದವಳೆಂದು ವೈದ್ಯರು ಮುಟ್ಟಲಿಲ್ಲ, ಅದಕ್ಕೇ ಸತ್ತಳು.* ಹಾಗೆ ನಿರಾಕರಿಸಿದ ಕತೆಗಳಿವೆ, ಅಂಥ ಮನಸ್ಸಿನವರಿಗೂ ಆಗ ಕೊರತೆ ಇರಲಿಲ್ಲ. ಆದರೆ ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿದ್ದು 1882ರಲ್ಲಿ. ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. 1887ರಲ್ಲಿ ಯಾವ ವೈದ್ಯನ ಕೈಯಲ್ಲೂ ಕ್ಷಯಕ್ಕೆ ಮದ್ದು ಇರಲಿಲ್ಲ.

*ಗಂಡ ಹೊಡೆದು ಓದಿಸಿದ್ದಕ್ಕೇ ಡಾಕ್ಟರಾದಳು.* ಗೋಪಾಳರಾವ್ ಹಟ ಹಿಡಿಯದಿದ್ದರೆ ಆಕೆಗೆ ಅಕ್ಷರವೂ ಕಷ್ಟವಿತ್ತು, ನಿಜ. ಆದರೆ ಹಟ ಬೇರೆ, ಏಟು ಬೇರೆ. ಅಮೆರಿಕದಲ್ಲಿ ಆಕೆ ಕಠಿಣವಾದ ವೈದ್ಯ ವಿದ್ಯೆ ಕಲಿಯುವಾಗ ಹೊಡೆಯಲು ಯಾರೂ ಇರಲಿಲ್ಲ. ಅಲ್ಲಿ ಇದ್ದವರು ಮಾವಶಿ, ಬಾಡ್ಲಿ, ಸಹಪಾಠಿಗಳು. ಏಟಿನ ಬಗ್ಗೆ ತೀರ್ಪು ಕೊಡಬೇಕಾದವಳು ಏಟು ತಿಂದವಳು, ಆಕೆ ಅದನ್ನು ಬರೆದಿಟ್ಟೇ ಹೋಗಿದ್ದಾಳೆ.

ಬೈದರೆ ಕೂಸು ಬೇಗ ಬರುತ್ತದೆಯೇ?

ಈಗ ನಮ್ಮ ಹೆರಿಗೆ ಕೋಣೆಗೆ ಬರೋಣ. ಆನಂದಿಬಾಯಿ ಕೇಳಿದ್ದರಲ್ಲಿ ಬಹಳಷ್ಟು ನಮಗೆ ಸಿಕ್ಕಿದೆ. ಹೆಣ್ಣು ವೈದ್ಯರಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. 2001-03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69. ಆಸ್ಪತ್ರೆಗೆ ಹೋಗಬೇಡಿ ಎಂದು ಯಾರಾದರೂ ಹೇಳಿದರೆ ಈ ಅಂಕಿಗಳನ್ನು ತೋರಿಸಿ.

ಆದರೆ ಹೆಂಗಸರು ಆಸ್ಪತ್ರೆಗೆ ಹೋದ ಮೇಲೆ ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಉಳಿದೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಹೆರಿಗೆಯ ವೇಳೆ ಅವಮಾನ, ಹಿಂಸೆ ಇಲ್ಲದ ಆರೈಕೆ ಪ್ರತಿ ಹೆಣ್ಣಿನ ಹಕ್ಕು ಎಂದು ಸಾರಿತು. ಆ ಸಂಸ್ಥೆಯ ಸಂಶೋಧಕರು ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್ ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪಕ್ಕದಲ್ಲೇ ಕುಳಿತು ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ಜನ ಏಟು, ಬೈಗುಳ ಇಲ್ಲವೇ ಹೀಯಾಳಿಕೆ ಅನುಭವಿಸಿದ್ದರು. ಇದು ಅತಿ ಹೆಚ್ಚಾಗಿದ್ದದ್ದು ಕೂಸು ಹೊರಬರುವ ಮುಂಚಿನ ಅರ್ಧ ಗಂಟೆಯಿಂದ ಬಂದ ಮೇಲಿನ ಕಾಲು ಗಂಟೆಯವರೆಗೆ. ಅತಿ ಹೆಚ್ಚು ಗುರಿಯಾದವರು ಚಿಕ್ಕ ವಯಸ್ಸಿನವರು, ಓದು ಕಡಿಮೆ ಇದ್ದವರು. ಹದಿನಾಲ್ಕರ ಆನಂದಿ, ಹತ್ತೊಂಬತ್ತರ ನಮ್ಮಕ್ಕ ಇಬ್ಬರೂ ಈ ಪಟ್ಟಿಗೆ ಸೇರುತ್ತಾರೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಯ ಮದುವೆ ಹದಿನೆಂಟು ತುಂಬುವ ಮುಂಚೆ ಆಗಿತ್ತು ಎನ್ನುತ್ತದೆ ಅದೇ ಐದನೇ ಸಮೀಕ್ಷೆ.

ಹಾಗಾದರೆ ಏಟು ಕೆಲಸ ಮಾಡುತ್ತದೆಯೇ? ಕೂಸಿನ ತಲೆ ಕೆಳಗಿಳಿದು ಸೊಂಟದ ತಳದ ಸ್ನಾಯುಗಳನ್ನು ಒತ್ತಿದಾಗ ಮೆದುಳಿಗೆ ಸುದ್ದಿ ಹೋಗಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಜೋರಾಗಿ ಹರಿಯುತ್ತದೆ. ಗರ್ಭಕೋಶ ಹಿಂಡುತ್ತದೆ, ತಿಣುಕಬೇಕೆಂಬ ಒತ್ತಡ ತಾನಾಗಿ ಬರುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಏರುವುದು ಅಡ್ರಿನಲಿನ್. ಅದು ಹೆಚ್ಚಾದರೆ ಬೇನೆ ಸಡಿಲವಾಗಬಹುದು, ಗರ್ಭಕೋಶಕ್ಕೆ ರಕ್ತ ಕಡಿಮೆಯಾಗಬಹುದು. ಅಂದರೆ ಹೆದರಿಸುವುದು ಮೈ ಮಾಡುತ್ತಿರುವ ಕೆಲಸಕ್ಕೇ ಅಡ್ಡಿ. ಬೈದ ಮೇಲೂ ಕೂಸು ಬರುತ್ತದೆ, ಯಾಕೆಂದರೆ ಅದು ಹೇಗೂ ಬರಬೇಕಿತ್ತು. ಕೋಳಿ ಕೂಗಿದ ಮೇಲೆ ಬೆಳಗಾಯಿತು ಎಂದು ಕೋಳಿಯೇ ಸೂರ್ಯನನ್ನು ತಂದಿತು ಎನ್ನಲಾದೀತೇ?

ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಗಳು ಇನ್ನೂ ಸ್ಪಷ್ಟ. ತನ್ನ ಒಳಗಿನ ಒತ್ತಡ ಬಂದಂತೆ ತಿಣುಕಲು ಹೆಂಗಸನ್ನು ಬಿಡಬೇಕು. ಕುಳಿತೋ, ಮಗ್ಗುಲಾಗಿಯೋ, ತನಗೆ ಬೇಕಾದ ಭಂಗಿಯಲ್ಲಿ ಹೆರಲು ಬಿಡಬೇಕು. ಹೊಟ್ಟೆಯ ಮೇಲಿಂದ ಒತ್ತಿ ಕೂಸನ್ನು ತಳ್ಳಬಾರದು. ಎಲ್ಲರಿಗೂ ರೂಢಿಯಂತೆ ಹೊಲಿಗೆಯ ಕೊಯ್ತ ಹಾಕಬಾರದು. ಜೊತೆಗೊಬ್ಬರು ಇರಬೇಕು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ಒಂದು ವಿಮರ್ಶೆ, ಬೇನೆಯ ಉದ್ದಕ್ಕೂ ಪಕ್ಕದಲ್ಲಿ ಧೈರ್ಯ ಹೇಳುವವರಿದ್ದರೆ ಸಹಜ ಹೆರಿಗೆ ಹೆಚ್ಚಾಗುತ್ತದೆ, ಬೇನೆಯ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂದು ಕಂಡುಕೊಂಡಿತು. ನಮ್ಮ ಹಳೆಯ ಸೂಲಗಿತ್ತಿಯರು ಇದನ್ನು ಬಲ್ಲವರು. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಆಕೆಯಂಥವರ ಬಳಿ ಇದ್ದ ಮೆದು ಮಾತನ್ನು ಆಸ್ಪತ್ರೆಯ ಶುದ್ಧ ಕೈಗವಸಿನ ಜೊತೆ ಸೇರಿಸುವುದು ಅಸಾಧ್ಯವೇನಲ್ಲ.

ದಾದಿಯರ ಪರವಾಗಿಯೂ ಒಂದು ಮಾತು. ರಾತ್ರಿಪಾಳಿಯಲ್ಲಿ ಒಬ್ಬಳೇ ದಾದಿ ಹಲವು ಹೆರಿಗೆ ನೋಡಬೇಕಾದಾಗ, ಮೇಲಿನವರು ಅವಳ ಮೇಲೆ ಕೂಗಿದಾಗ, ಆ ಕೂಗು ಕೆಳಗೆ ಮಂಚದ ಮೇಲಿದ್ದವಳ ಮೇಲೆ ಇಳಿಯುತ್ತದೆ. ಆದ್ದರಿಂದ ಸಿಬ್ಬಂದಿ ಹೆಚ್ಚಿಸುವುದೂ ಹಿಂಸೆ ತಡೆಯುವ ದಾರಿಯೇ. ಆದರೆ ಕಾರಣ ಅರ್ಥವಾದ ಮಾತ್ರಕ್ಕೆ ಏಟು ಚಿಕಿತ್ಸೆಯಾಗುವುದಿಲ್ಲ.

ನಡೆಸಿಕೊಳ್ಳುವ ರೀತಿ ಜೀವದ ಪ್ರಶ್ನೆಯೂ ಆಗಬಲ್ಲದು. 2022ರ ನವೆಂಬರ್‌ನಲ್ಲಿ ತುಮಕೂರು ಜಿಲ್ಲಾ ಆಸ್ಪತ್ರೆಗೆ ಬೇನೆಯೊಂದಿಗೆ ಬಂದ, ತಮಿಳುನಾಡು ಮೂಲದ ಬಡ ಹೆಂಗಸೊಬ್ಬಳನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸು ಕಳಿಸಿದರು. ಆಕೆ ಮನೆಯಲ್ಲೇ ಅವಳಿ ಕೂಸುಗಳನ್ನು ಹೆತ್ತಳು. ತಾಯಿ, ಎರಡೂ ಕೂಸುಗಳು ಸತ್ತವು. ವೈದ್ಯೆ ಮತ್ತು ದಾದಿಯರನ್ನು ಅಮಾನತು ಮಾಡಲಾಯಿತು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ

- ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ಹಡೆದ ಅನುಭವವಿರುವ, ಸೋಂಕು ರೋಗವಿಲ್ಲದ ಹೆಂಗಸು ಶುಭ್ರ ಬಟ್ಟೆಯಲ್ಲಿ ಇರಬೇಕು. ಇದನ್ನು ಬೇನೆ ಬರುವ ಮುಂಚೆಯೇ, ತಪಾಸಣೆಗೆ ಹೋದಾಗಲೇ ಕೇಳಿ.
- 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಡಿ ಹೆರಿಗೆ ಕೋಣೆಯ ಗುಣಮಟ್ಟ ಅಳೆಯುವಾಗ ಗೌರವದ ನಡವಳಿಕೆಯೂ ಲೆಕ್ಕಕ್ಕೆ ಬರುತ್ತದೆ.
- ಒಳಗೆ ಕೈ ಹಾಕಿ ಪರೀಕ್ಷಿಸುವ ಮುಂಚೆ ಹೇಳಿ ಮಾಡಬೇಕು, ಪರದೆ ಇರಬೇಕು. ಯಾಕೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ.
- ತಾಯಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಇಲ್ಲದಿದ್ದರೂ ಬೇನೆ ಬಂದವಳನ್ನು ವಾಪಸು ಕಳಿಸುವಂತಿಲ್ಲ. ಆಂಬುಲೆನ್ಸ್‌ಗೆ 108, ದೂರಿಗೆ ಆರೋಗ್ಯ ಸಹಾಯವಾಣಿ 104.
- ಬಾಣಂತಿಗೆ ಜ್ವರ, ನಾರುವ ಸ್ರಾವ, ಬಡಬಡಿಕೆ ಕಂಡರೆ ಕಿವಿಗೆ ಬಟ್ಟೆ ಕಟ್ಟಿ ಕಾಯಬೇಡಿ. ಅದು ಆಸ್ಪತ್ರೆಯ ಕೆಲಸ, ಅದೇ ದಿನ.

ನಮ್ಮಕ್ಕನಿಗೆ ಈಗ ಮತ್ತೆ ಏಳು ತಿಂಗಳು. ಕಳೆದ ವಾರ ಫೋನಿನಲ್ಲಿ ಅವಳು ಕೇಳಿದ್ದು ಗಂಡೋ ಹೆಣ್ಣೋ ಎಂದಲ್ಲ, ನಾರ್ಮಲ್ಲೋ ಸಿಸೇರಿಯನ್ನೋ ಎಂದೂ ಅಲ್ಲ. ಈ ಸಲ ಅವ್ವನನ್ನು ಒಳಗೆ ಬಿಡುತ್ತಾರಾ ಎಂದು ಕೇಳಿದಳು. ಮೇಲಿನ ಮೊದಲ ಸಾಲನ್ನು ಅವಳಿಗೆ ಓದಿ ಹೇಳಿದೆ. ಮುಂದಿನ ತಪಾಸಣೆಗೆ ದೊಡ್ಡಮ್ಮನೂ ಜೊತೆಗೆ ಹೋಗುತ್ತಾಳೆ, ಡಾಕ್ಟರ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಲು.